ಕಲ್ಲಚ್ಚು, ಮೊಳೆಯಚ್ಚು, ಬೆಳಕಿನಚ್ಚು

ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಅಂಧೇರಿಯನ್ನು ದಾಟಿ ಉತ್ತರಾಭಿಮುಖವಾಗಿ ಹೊರಟವರಿಗೆ ಮೊದಲು ಸಿಗುವ ನಿಲ್ದಾಣ ಜೋಗೇಶ್ವರಿ. ಜನಸಂದಣಿಯೂ ವಾಹನಗಳ ಗದ್ದಲವೂ ಎಡೆಬಿಡದೆ ತುಂಬಿರುವ ಆ ಉಪನಗರದ ಪೂರ್ವಭಾಗದಲ್ಲಿ, ಒತ್ತಾಗಿ ನಿಂತ ಮನೆಗಳ ನಡುವೆ, ಮೆಟ್ಟಿಲುಗಳನ್ನಿಳಿದು ಹೋಗಬೇಕಾದ ಒಂದು ಗುಹಾಲಯವುಂಟು; ಊರಿಗೆ ತನ್ನ ಹೆಸರನ್ನು ಕೊಟ್ಟ ಯೋಗೇಶ್ವರಿ ನೆಲಸಿರುವುದು ಅಲ್ಲಿಯೇ. ಸುಮಾರು 6ನೆಯ ಶತಮಾನದಲ್ಲಿ ಪಾಶುಪತ ಶೈವರ ಶ್ರದ್ಧೆಯಿಂದ ರೂಪುಗೊಂಡ ಆ ಗುಹೆಯಲ್ಲಿ ಕಂಬಗಳ ಸಾಲು, ಬಾಗಿಲುಗಳ ಶಿಲ್ಪ, ಗರ್ಭಗೃಹ ಎಲ್ಲವೂ ಒಂದೇ ಬಂಡೆಯೊಡಲಿನಿಂದ, ಬೇಡವಾದುದನ್ನು ಕಳೆಯುತ್ತ ಕಳೆಯುತ್ತ, ಉಳಿದು ಬಂದಂಥವು. ಮುಂದಿನ ಶತಮಾನದಲ್ಲಿ, 634ರಲ್ಲಿ, ಕವಿ ರವಿಕೀರ್ತಿಯು ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲೆ ತನ್ನ ಪ್ರಭುವಾದ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕೆತ್ತಿಸಿದನು. ಕೊಂಕಣದ ಮೌರ್ಯರನ್ನು ಪುಲಕೇಶಿ ಗೆದ್ದ ಸಂಗತಿಯನ್ನೂ ಹೇಳುವ ಆ ಶಾಸನದ ಭಾಷೆ ಸಂಸ್ಕೃತವಾದರೂ ಲಿಪಿ ಮಾತ್ರ ನಮ್ಮದೇ, ಅಂದಿನ ಕನ್ನಡದ್ದು.

ಕಲ್ಲಿಗೆ ಲಿಪಿಭೇದವಿಲ್ಲ. ಉಳಿ ಹಿಡಿದ ಕೈ ಎಂಥ ಗೆರೆಯನ್ನು ಎಳೆಯಬಲ್ಲುದೋ ಅಂಥ ಗೆರೆಯನ್ನು ಅದು ಒಲ್ಲೆನೆನ್ನದೆ ತಾಳುವುದು. ಅಕ್ಷರದ ಕೆಳಗೆ ಒತ್ತು ಬಂದರೂ, ನೆತ್ತಿಯ ಮೇಲೆ ಗುಡಿಸು ಕಟ್ಟಿದರೂ, ಪಕ್ಕದಲ್ಲಿ ಕೊಂಬು ಬಾಗಿದರೂ ಅದಕ್ಕೆ ತೊಡಕಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಕಡೆಯ ಎರಡು ದಶಕಗಳಲ್ಲಿ ನಮ್ಮ ಅಕ್ಷರಗಳು ಇನ್ನೊಂದು ಫಲಕವನ್ನು ಏರಬೇಕಾಗಿ ಬಂದಿತು; ಅದು ಗಣಕಯಂತ್ರದ ಗಾಜುತೆರೆ. ಆ ತೆರೆಗೆ ಕಲ್ಲಿನ ಔದಾರ್ಯವು ಹುಟ್ಟಿನಿಂದ ಬಂದುದಲ್ಲ. ಯಂತ್ರದೊಳಗೆ ಸಿಕ್ಕಿಸಿದ ಅಂಗೈಯಗಲದ ಒಂದು ವಿದ್ಯುತ್ಫಲಕ, ಮುಂಬಯಿಯ ಅಂಗಡಿಗಳಲ್ಲಿ ಡಿಸ್‌ಪ್ಲೇ ಕಾರ್ಡು ಎಂದು ಕರೆಯಿಸಿಕೊಂಡದ್ದು, ಯಾವ ಗೆರೆಗೆ ಅಪ್ಪಣೆ ಕೊಟ್ಟಿತೋ ಆ ಗೆರೆ ಮಾತ್ರವೇ ತೆರೆಯ ಮೇಲೆ ಮೂಡುತ್ತಿದ್ದಿತು. ಅಂಥ ಕಾರ್ಡುಗಳು ಹಲವು ಬಂದುವು, ಹೋದುವು. ಅವುಗಳನ್ನು ಬಣ್ಣಗಳ ಎಣಿಕೆಯಿಂದಲೂ ಆಟಗಳ ಸೊಗಸಿನಿಂದಲೂ ತೂಗಿನೋಡಿದವರು ಬಹಳ ಮಂದಿ. ಕನ್ನಡದ ಒಂದು ಒತ್ತಕ್ಷರವನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು ಅವನ್ನು ತೂಗಬೇಕೆಂಬುದು ಈ ಲೇಖನದ ಆಶಯ.

ಇದಕ್ಕೆ ಜೋಗೇಶ್ವರಿಯನ್ನೇ ನೆಲೆಯಾಗಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಗುಹೆಗೆ ಸಮೀಪದಲ್ಲೇ ಹೊರಟು ಪೂರ್ವಕ್ಕೆ ಸಾಗುವ ಜೋಗೇಶ್ವರಿ–ವಿಕ್ರೋಲಿ ಸಂಪರ್ಕ ರಸ್ತೆಯ ದಕ್ಷಿಣಕ್ಕೆ, 1973ರಲ್ಲಿ ಸ್ಥಾಪಿತವಾದ ಸಾಂತಾಕ್ರೂಜ್ ಎಲೆಕ್ಟ್ರಾನಿಕ್ಸ್ ರಫ್ತು ಸಂಸ್ಕರಣ ವಲಯವಿದೆ. ಎಲ್ಲರ ಬಾಯಲ್ಲಿ ಅದು ಸೀಪ್ಜ್. ಅದೇ ರಸ್ತೆ ಮುಂದುವರಿದು ಪೊವಾಯಿಯ ಸರೋವರದ ಬಳಿ ಇರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯನ್ನು ಮುಟ್ಟುವುದು. ನೈರುತ್ಯದ ಕಡೆಗೆ, ಸಮುದ್ರದ ಸನಿಹದ ಜುಹುವಿನಲ್ಲಿ, ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರವು ನೆಲೆಗೊಂಡಿದ್ದಿತು. ಈ ಮೂರರ ನಡುವೆಯೇ, ಜೋಗೇಶ್ವರಿಗೆ ತಾಗಿದ ಅಂಧೇರಿಯ ವೀರ ದೇಸಾಯಿ ರಸ್ತೆಯಲ್ಲಿ, 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ವಿದ್ಯಾಸಂಸ್ಥೆಗಳಿವೆ. ಆ ಮಂಡಳಿ ತನ್ನ ಕನ್ನಡ ಮಾಸಪತ್ರಿಕೆಯನ್ನು ಮುಂಬಯಿಯಿಂದಲೇ ಹೊರಡಿಸಿಕೊಂಡು ಬಂದಿದೆ. ಹೀಗೆ ಗಣಕದ ವಿದ್ಯೆಯೂ ಕನ್ನಡದ ಬಾಳೂ ಒಂದರ ಮಗ್ಗುಲಲ್ಲಿ ಒಂದು ಇದ್ದಂಥ ಪ್ರದೇಶವಿದು. ಆದರೂ ಆ ಎರಡೂ ಪರಸ್ಪರ ಕೈಹಿಡಿಯಲು ಬಹುಕಾಲ ಕಾಯಬೇಕಾಯಿತು. ಆ ವಿಳಂಬಕ್ಕೆ ಕಾರಣವನ್ನು ಕಾರ್ಡಿನ ರಚನೆಯಲ್ಲಿಯೂ ನಮ್ಮ ಲಿಪಿಯ ರಚನೆಯಲ್ಲಿಯೂ ಜೊತೆಜೊತೆಯಾಗಿ ಹುಡುಕಬೇಕು.

ಕನ್ನಡಿಗರು ಈ ತೊಡಕನ್ನು ಕಂಡದ್ದು ಅದೇ ಮೊದಲಲ್ಲ. ಮುದ್ರಣಕಲೆ ನಮ್ಮ ನಾಡಿಗೆ ಬಂದಾಗ ಅದು ಎರಡು ದಾರಿಗಳಲ್ಲಿ ಬಂದಿತು. ಒಂದು ಮೊಳೆಯಚ್ಚಿನ ದಾರಿ: 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ದೂರದ ಶ್ರೀರಾಮಪುರದಲ್ಲಿ ಎರಕದ ಅಕ್ಷರಗಳಿಂದ ಅಚ್ಚಾಯಿತು. ಇನ್ನೊಂದು ಕಲ್ಲಚ್ಚಿನ ದಾರಿ: ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೂಡಿದ ಮುದ್ರಣಾಲಯದಿಂದ 1843ರ ಜುಲೈಯಲ್ಲಿ ಹೊರಟ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲ ವೃತ್ತಪತ್ರಿಕೆ ಕಲ್ಲಿನ ಮೇಲೆ ಬರೆದು ಒತ್ತಿ ತೆಗೆದದ್ದು, ಮರುವರ್ಷ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡಾಗಲಷ್ಟೇ ಮೊಳೆಯಚ್ಚಿಗೆ ತಿರುಗಿತು. ಈ ಎರಡು ವಿಧಾನಗಳ ಅಂತರವನ್ನು ಮನದಲ್ಲಿ ಇಟ್ಟುಕೊಳ್ಳಬೇಕು. ಮೊಳೆಯಚ್ಚು ವೇಗವಾದುದು, ಅಚ್ಚುಕಟ್ಟಾದುದು. ಆದರೆ ಖಾನೆಯಲ್ಲಿ ಯಾವ ಮೊಳೆಯಿಲ್ಲವೋ ಆ ಅಕ್ಷರ ಅದಕ್ಕೆ ಇಲ್ಲವೇ ಇಲ್ಲ. ಕಲ್ಲಚ್ಚು ನಿಧಾನವಾದುದು, ಶ್ರಮದ್ದು; ಆದರೆ ಬರೆಯಬಲ್ಲದ್ದೆಲ್ಲವೂ ಅದಕ್ಕೆ ಸಾಧ್ಯ. ಗಣಕದ ತೆರೆಗೂ ಇದೇ ಎರಡು ದಾರಿಗಳಿದ್ದುವು. ಅಕ್ಷರರೀತಿ ಮತ್ತು ಚಿತ್ರರೀತಿ ಎಂದು ಅವನ್ನು ಕರೆಯೋಣ. ಮೊದಲನೆಯದು ಮೊಳೆಯಚ್ಚಿನ ಸಂತತಿ, ಎರಡನೆಯದು ಕಲ್ಲಚ್ಚಿನದು.

1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಲೋಕಕ್ಕೆ ಪ್ರಕಟಿಸಿದಾಗ ಅದರೊಡನೆ ಎರಡು ಕಾರ್ಡುಗಳನ್ನು ಮಾರಾಟಕ್ಕಿಟ್ಟಿತು. ಕಚೇರಿಯ ಕೆಲಸಕ್ಕೆಂದು ಕಲ್ಪಿತವಾದ ಏಕವರ್ಣದ ಕಾರ್ಡು ಒಂದು. ಮನೆಯ ಬಳಕೆಗೂ ಆಟಪಾಟಕ್ಕೂ ಎಂದು ಕಲ್ಪಿತವಾದ ಬಣ್ಣದ ಕಾರ್ಡು ಇನ್ನೊಂದು. ಮೊದಲನೆಯದಕ್ಕೆ ಎಂಡಿಎ ಎಂದೂ ಎರಡನೆಯದಕ್ಕೆ ಸಿಜಿಎ ಎಂದೂ ಹೆಸರು. ಎರಡರ ಹೃದಯದಲ್ಲಿಯೂ ಮೊಟೊರೊಲಾದ 6845 ಎಂಬ ಒಂದೇ ಬಗೆಯ ನಿಯಂತ್ರಕವಿದ್ದಿತು. ಒಂದೇ ಬೀಜದಿಂದ ಹುಟ್ಟಿದ ಅವುಗಳ ಸ್ವಭಾವ ಮಾತ್ರ ಬೇರೆ ಬೇರೆಯಾಯಿತು.

ಎಂಡಿಎ ಕಾರ್ಡು ಶುದ್ಧ ಮೊಳೆಯಚ್ಚು. ತೆರೆಯನ್ನು ಅದು 80 ಅಂಕಣಗಳಾಗಿಯೂ 25 ಸಾಲುಗಳಾಗಿಯೂ ಹೆಣೆದ ಮನೆಗಳೆಂದು ಬಗೆಯುತ್ತಿದ್ದಿತು. ಒಟ್ಟು 2,000 ಮನೆಗಳು. ಪ್ರತಿಯೊಂದು ಮನೆಗೂ ಎರಡೆರಡು ಬೈಟುಗಳು, ಒಂದು ಅಕ್ಷರದ ಸಂಖ್ಯೆಗೆ, ಇನ್ನೊಂದು ಅದರ ಪ್ರಕಾಶಕ್ಕೆ. ಹೀಗಾಗಿ 4 ಕಿಲೋಬೈಟುಗಳಷ್ಟು ಸ್ಮೃತಿ ಅದಕ್ಕೆ ಸಾಕಾಗುತ್ತಿದ್ದಿತು. ಅಕ್ಷರಗಳ ರೂಪವಾದರೋ ಆ ಸ್ಮೃತಿಯಲ್ಲಿ ಇರಲಿಲ್ಲ. ಕಾರ್ಖಾನೆಯಲ್ಲಿಯೇ ಒಂದು ಚಿಪ್ಪಿನೊಳಗೆ ಶಾಶ್ವತವಾಗಿ ಎರಕಗೊಂಡ 256 ಆಕೃತಿಗಳೇ ಅದರ ಸರ್ವಸ್ವ. ಅಡ್ಡಲಾಗಿ 9, ಉದ್ದಕ್ಕೆ 14 ಚುಕ್ಕಿಗಳ ಮನೆಯಲ್ಲಿ ಕುಳಿತ ರೋಮನ್ ಅಕ್ಷರ ಹಸುರು ಬೆಳಕಿನಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತಿದ್ದಿತೆಂದರೆ, ದಿನವಿಡೀ ಲೆಕ್ಕಪತ್ರಗಳ ಮುಂದೆ ಕುಳಿತವರ ಕಣ್ಣಿಗೂ ಅದು ಹಿತವಾಗಿದ್ದಿತು. ಜೊತೆಗೆ ಮುದ್ರಕಯಂತ್ರವನ್ನು ಜೋಡಿಸುವ ಕಿಂಡಿಯೂ ಅದೇ ಕಾರ್ಡಿನಲ್ಲಿದ್ದುದರಿಂದ ಕಚೇರಿಗಳು ಅದನ್ನು ಬಹುವಾಗಿ ಮೆಚ್ಚಿದುವು.

ಆ ಕಾರ್ಡಿನ ಮುಂದೆ ಕನ್ನಡದ ವರ್ಣಮಾಲೆಯನ್ನು ತಂದು ನಿಲ್ಲಿಸಿ ನೋಡಿ. ಕವರ್ಗದಿಂದ ಪವರ್ಗದವರೆಗೆ 25, ಅವರ್ಗೀಯಗಳು 9, ಒಟ್ಟು 34 ವ್ಯಂಜನಗಳು; ಒಂದೊಂದಕ್ಕೂ ಅಕಾರದಿಂದ ಔಕಾರದವರೆಗೆ 13 ರೂಪಗಳೆಂದರೆ ಗುಣಿತಾಕ್ಷರಗಳೇ 442; ಅವುಗಳ ಮೇಲೆ 34 ಒತ್ತುಗಳು ಸೇರಿ 476. ಕಾರ್ಡಿನ ಖಾನೆಗಳು 256. ಅವುಗಳಲ್ಲಿ ಅರ್ಧದಷ್ಟು ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ ಮೀಸಲು. ಬೆರಳಚ್ಚು ಯಂತ್ರದಲ್ಲಿ ಮಾಡಿದಂತೆ ಅಕ್ಷರವನ್ನು ತುಂಡುತುಂಡಾಗಿ ಕತ್ತರಿಸಿ, ತಲೆಕಟ್ಟೊಂದು, ಕೊಂಬೊಂದು, ದೀರ್ಘವೊಂದು ಎಂದು ಪೋಣಿಸಿ ಖಾನೆಗಳ ಸಂಖ್ಯೆಯನ್ನು ತಗ್ಗಿಸಬಹುದೆಂದು ಒಪ್ಪಿಕೊಂಡರೂ, ಆ ಚಿಪ್ಪಿನೊಳಗಿನ ಎರಕವನ್ನು ಕರಗಿಸಿ ಹೊಸದಾಗಿ ಹೊಯ್ಯುವ ಅಧಿಕಾರ ಬಳಕೆದಾರನಿಗೆ ಇರಲಿಲ್ಲ. ಇದ್ದಿದ್ದರೂ, ರಾಷ್ಟ್ರ ಎಂದು ಬರೆಯುವಾಗ ಷಕಾರದ ಕೆಳಗೆ ಟಕಾರ, ಅದರ ಮಗ್ಗುಲಿಗೆ ರಕಾರ ಹೀಗೆ ಇಳಿದುಹೋಗುವ ನಮ್ಮ ಸಂಯುಕ್ತಾಕ್ಷರಕ್ಕೆ 14 ಚುಕ್ಕಿಗಳ ಆಳ ಸಾಲದು. ರೋಮನ್ ಲಿಪಿ ಒಂದು ಗೆರೆಯ ಮೇಲೆ ಬಲಕ್ಕೆ ನಡೆಯುವುದು. ಕನ್ನಡ ಲಿಪಿ ಬಲಕ್ಕೆ ನಡೆಯುತ್ತಲೇ ಕೆಳಕ್ಕೂ ಬೇರು ಬಿಡುವುದು. ಮನೆಗಳಾಗಿ ಹೆಣೆದ ತೆರೆಗೆ ಆ ಬೇರಿನ ಕಲ್ಪನೆಯೇ ಇರಲಿಲ್ಲ.

ಹಾಗಾದರೆ ಬಣ್ಣದ ಕಾರ್ಡೇ ಗತಿಯೋ ಎಂದರೆ, ಅದರಲ್ಲಿ ಚಿತ್ರರೀತಿಯುಂಟು. ತೆರೆಯ ಪ್ರತಿಯೊಂದು ಚುಕ್ಕಿಯನ್ನೂ ಬೇರೆಬೇರೆಯಾಗಿ ಬೆಳಗಿಸಬಹುದು, ಆರಿಸಬಹುದು. ಕಲ್ಲಚ್ಚಿನ ಸ್ವಾತಂತ್ರ್ಯ ಅಲ್ಲಿ ದೊರೆಯಿತು. ಆದರೆ ಕಲ್ಲು ತೀರ ಕಿರಿದಾಗಿದ್ದಿತು. 16 ಕಿಲೋಬೈಟುಗಳ ಸ್ಮೃತಿಯಲ್ಲಿ ಒಂದೇ ಬಣ್ಣಕ್ಕೆ ತೃಪ್ತಿಪಟ್ಟರೆ ಅಡ್ಡಲಾಗಿ 640, ಉದ್ದಕ್ಕೆ 200 ಚುಕ್ಕಿಗಳು; ನಾಲ್ಕು ಬಣ್ಣಗಳು ಬೇಕೆಂದರೆ ಅಡ್ಡಲಾಗಿ 320 ಮಾತ್ರ. ನಮ್ಮ ಅಕ್ಷರದ ಮೈಗೆ 16 ಚುಕ್ಕಿಗಳ ಎತ್ತರವನ್ನೂ ಒತ್ತಿಗೆ 8 ಚುಕ್ಕಿಗಳ ಆಳವನ್ನೂ ಕೊಟ್ಟು, ಒಂದು ಸಾಲಿಗೆ 24 ಚುಕ್ಕಿಗಳೆಂದು ಇಟ್ಟುಕೊಂಡರೆ, 200ರಲ್ಲಿ ಹಿಡಿಸುವ ಸಾಲುಗಳು ಎಂಟು. ಎಂಟು ಸಾಲುಗಳ ಕಿಟಕಿಯೊಳಗಿಂದ ಒಂದು ಪ್ರಬಂಧವನ್ನೋ ಪತ್ರಿಕೆಯ ಪುಟವನ್ನೋ ತಿದ್ದುವವನ ಕಷ್ಟವನ್ನು ಊಹಿಸಿಕೊಳ್ಳಬಹುದು. ಅಕ್ಷರರೀತಿಯಲ್ಲಿಯೂ ಸಿಜಿಎ ಕಾರ್ಡಿನ ಮನೆ 8 ಚುಕ್ಕಿಗಳಗಲ, 8 ಚುಕ್ಕಿಗಳೆತ್ತರದ್ದು. ಅದರಲ್ಲಿ ಇಂಗ್ಲಿಷ್ ಅಕ್ಷರವೇ ಮುರುಟಿಕೊಂಡಂತೆ ಕಾಣುತ್ತಿದ್ದಿತು. ಸ್ಪಷ್ಟತೆ ಬೇಕೆಂದವನಿಗೆ ಸ್ವಾತಂತ್ರ್ಯವಿಲ್ಲ, ಸ್ವಾತಂತ್ರ್ಯ ಬೇಕೆಂದವನಿಗೆ ಸ್ಪಷ್ಟತೆಯಿಲ್ಲ: ಐಬಿಎಂ ಇಟ್ಟ ಈ ಇಬ್ಬಂದಿಯಲ್ಲಿ ರೋಮನ್ ಲಿಪಿಯವರು ಸ್ಪಷ್ಟತೆಯನ್ನು ಆಯ್ದುಕೊಂಡು ಸುಖವಾಗಿದ್ದರು. ಉಳಿದ ಲಿಪಿಗಳವರಿಗೆ ಆಯ್ಕೆಯೇ ಇರಲಿಲ್ಲ.

ಈ ಇಬ್ಬಂದಿಯನ್ನು ಬಿಡಿಸಿದವನು ಉಳಿದ ಲಿಪಿಗಳವರಲ್ಲಿಯೇ ಒಬ್ಬನೆಂಬುದು ಈ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಮುಟ್ಟುವ ಸಂಗತಿ. ಅಮೆರಿಕದಲ್ಲಿ ಓದುತ್ತಿದ್ದ ಥಾಯ್ಲೆಂಡಿನ ವಾನ್ ಸುವನ್ನುಕುಲ್ ಎಂಬವನು ತನ್ನ ಡಾಕ್ಟರೇಟ್ ಪ್ರಬಂಧದ ಕೆಲಸದಲ್ಲಿ ತನ್ನ ಯಂತ್ರದ ಮೇಲೆ ಥಾಯ್ ಲಿಪಿಯನ್ನು ಮೂಡಿಸಬೇಕೆಂದು ಬಯಸಿ, ಇದ್ದ ಕಾರ್ಡುಗಳು ಅದಕ್ಕೆ ಒದಗದೆ ಹೋದಾಗ ತಾನೇ ಒಂದನ್ನು ರಚಿಸಿದನು. 1982ರಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಿತು. ಅಕ್ಷರರೀತಿಯಲ್ಲಿ ಅದು ಎಂಡಿಎ ಕಾರ್ಡಿನ ಯಥಾರೂಪ. ಅದೇ ಏಕವರ್ಣದ ತೆರೆ, ಅದೇ ಸ್ಪಷ್ಟತೆ, ಮುದ್ರಕದ ಕಿಂಡಿಯೂ ಸಹ. ಆದರೆ 4 ಕಿಲೋಬೈಟುಗಳ ಎಡೆಯಲ್ಲಿ 64 ಕಿಲೋಬೈಟುಗಳ ಸ್ಮೃತಿಯನ್ನಿಟ್ಟು, ಅಡ್ಡಲಾಗಿ 720, ಉದ್ದಕ್ಕೆ 348 ಚುಕ್ಕಿಗಳ ಚಿತ್ರರೀತಿಯನ್ನು ಅದು ಅದೇ ತೆರೆಯ ಮೇಲೆ ತೆರೆದಿಟ್ಟಿತು. ಗುಣಿಸಿ ನೋಡಿದರೆ 2,50,560 ಚುಕ್ಕಿಗಳು. ಒಂದು ಚುಕ್ಕಿಗೆ ಒಂದು ಬಿಟ್ಟಿನಂತೆ 31,320 ಬೈಟುಗಳು. ಹೀಗಾಗಿ ಎರಡು ಪೂರ್ಣ ಪುಟಗಳನ್ನು ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು ಒಂದನ್ನು ತೋರುತ್ತ ಇನ್ನೊಂದನ್ನು ಬರೆಯಬಹುದಾಗಿದ್ದಿತು.

ಥಾಯ್ ಲಿಪಿಯಲ್ಲಿಯೂ ಸ್ವರಚಿಹ್ನೆಗಳು ಅಕ್ಷರದ ಮೇಲೆ ಕೂರುತ್ತವೆ, ಕೆಳಗೆ ತೂಗುತ್ತವೆ, ಹಿಂದೆ ಮುಂದೆ ನಿಲ್ಲುತ್ತವೆ, ಇದು ಆಕಸ್ಮಿಕವಲ್ಲ. ದಕ್ಷಿಣ ಬ್ರಾಹ್ಮಿಯ ಒಂದು ಕವಲು ಕದಂಬರ ಶಾಸನಗಳ ಮೂಲಕ ನಮ್ಮ ಲಿಪಿಯಾಗಿ ಬೆಳೆಯಿತು. ಇನ್ನೊಂದು ಕವಲು ಪಲ್ಲವರ ಲಿಪಿಯಾಗಿ ಹಡಗು ಹತ್ತಿ ಪೂರ್ವಸಮುದ್ರವನ್ನು ದಾಟಿ, ಖ್ಮೇರ್ ಲಿಪಿಗೆ ತಾಯಾಗಿ, ಅದರ ಮಗಳಾಗಿ ಥಾಯ್ ಲಿಪಿ ಹುಟ್ಟಿತು. ಕನ್ನಡಕ್ಕೂ ಥಾಯ್ ಲಿಪಿಗೂ ಹೀಗೆ ದೂರದ ದಾಯಾದ್ಯವುಂಟು. ಸಾವಿರದೈನೂರು ವರ್ಷಗಳ ಹಿಂದೆ ಅಗಲಿಹೋದ ಆ ದಾಯಾದಿಯು ತನ್ನ ಮನೆಯ ಕಷ್ಟಕ್ಕೆಂದು ಬಾಗಿಲೊಂದನ್ನು ತೆರೆದಾಗ ನಾವೂ ಅದರೊಳಗಿಂದ ನಡೆದುಬಂದೆವು.

ಬಾಗಿಲು ತೆರೆದ ಮಾತ್ರಕ್ಕೆ ದಾರಿ ಸುಗಮವಾಗಲಿಲ್ಲ. ಐಬಿಎಂ ಯಂತ್ರದ ಮೂಲತಂತ್ರಾಂಶಕ್ಕೆ ಹರ್ಕ್ಯುಲಿಸಿನ ಚಿತ್ರರೀತಿ ಗೊತ್ತೇ ಇರಲಿಲ್ಲವಾದ್ದರಿಂದ ಪ್ರತಿಯೊಂದು ಕ್ರಮವಿಧಿಯೂ ಚುಕ್ಕಿಯಿಡುವ ಕೆಲಸವನ್ನು ತಾನೇ ಕಲಿತುಕೊಳ್ಳಬೇಕಾಗಿದ್ದಿತು. ಅದರ ಸ್ಮೃತಿಯಲ್ಲಿ ಸಾಲುಗಳು ಒಂದರ ಕೆಳಗೊಂದು ಇರುತ್ತಿರಲಿಲ್ಲ. ನಾಲ್ಕು ಭಾಗಗಳಾಗಿ ಹಂಚಿಹೋಗಿ, ಮೊದಲನೆಯ ಸಾಲು ಒಂದರಲ್ಲಿ, ಎರಡನೆಯದು ಇನ್ನೊಂದರಲ್ಲಿ, ಹೀಗೆ ಐದನೆಯ ಸಾಲು ಮರಳಿ ಮೊದಲ ಭಾಗಕ್ಕೆ ಬರುತ್ತಿದ್ದಿತು. ಒಂದು ಕಕಾರವನ್ನು ನೆತ್ತಿಯಿಂದ ಪಾದದವರೆಗೆ ಬರೆಯುವವನು ಪ್ರತಿ ಚುಕ್ಕಿಸಾಲಿಗೂ ಸ್ಮೃತಿಯ ಬೇರೆ ಕೋಣೆಗೆ ಹಾರಬೇಕು. ಅಮೆರಿಕದಲ್ಲಿ 1983ರ ಆರಂಭದಲ್ಲಿ ಹೊರಬಂದ ಲೋಟಸ್ ಎಂಬ ಲೆಕ್ಕದ ತಂತ್ರಾಂಶ ಈ ಕಾರ್ಡಿಗೆ ಹೊಂದಿಕೊಂಡು ಏಕವರ್ಣದ ತೆರೆಯ ಮೇಲೆ ನಕ್ಷೆಗಳನ್ನು ಬಿಡಿಸತೊಡಗಿದ ಮೇಲೆ ಹರ್ಕ್ಯುಲಿಸ್ ಎಲ್ಲೆಡೆ ಹಬ್ಬಿತು. ಅದರ ಅನುಕೃತಿಗಳು ಕಡಿಮೆ ಬೆಲೆಗೆ ತಯಾರಾಗತೊಡಗಿದುವು.

ಭಾರತಕ್ಕೆ ಅದು ಬಂದದ್ದು ಆ ಅನುಕೃತಿಗಳ ರೂಪದಲ್ಲಿಯೇ. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿಯವರ ಸರ್ಕಾರ ಪ್ರಕಟಿಸಿದ ಹೊಸ ಕಂಪ್ಯೂಟರ್ ನೀತಿಯಿಂದ ಬಿಡಿಭಾಗಗಳ ಆಮದು ಸಡಿಲಗೊಂಡು, ದೇಶದಲ್ಲಿಯೇ ಜೋಡಿಸಿದ ಯಂತ್ರಗಳು ಹೆಚ್ಚಿದುವು. ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆ, ಹಿಂದೆ ರೇಡಿಯೋ ಬಿಡಿಭಾಗಗಳಿಗೆ ಪ್ರಸಿದ್ಧವಾಗಿದ್ದದ್ದು, ಮುಂಬಯಿಗೆಲ್ಲ ಗಣಕದ ಬಿಡಿಭಾಗಗಳ ಪೇಟೆಯಾಗಿ ಬೆಳೆಯಿತು. ಅಲ್ಲಿ ಮೊನೊ ಕಾರ್ಡು ಎಂದರೆ ಹರ್ಕ್ಯುಲಿಸಿನ ವಂಶದ್ದೆಂದೇ ಅರ್ಥ. ಬಣ್ಣದ ತೆರೆ ದುಬಾರಿಯಾಗಿದ್ದ ದಿನಗಳಲ್ಲಿ ಕಿತ್ತಳೆಯ ಇಲ್ಲವೆ ಹಸುರಿನ ಏಕವರ್ಣದ ತೆರೆಯೂ ಈ ಕಾರ್ಡೂ ಸೇರಿದ ಯಂತ್ರವೇ ಬ್ಯಾಂಕುಗಳಲ್ಲಿ, ತರಬೇತಿ ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಯಿತು. ಬಡತನದ ಆಯ್ಕೆಯೆಂದು ಕಂಡದ್ದು ಲಿಪಿಯ ದೃಷ್ಟಿಯಿಂದ ಸೌಭಾಗ್ಯವೇ ಆಯಿತೆಂಬುದನ್ನು ಮುಂದಿನ ಹೋಲಿಕೆಯಿಂದ ತಿಳಿಯಬಹುದು.

1984ರಲ್ಲಿ ಐಬಿಎಂ ಇಜಿಎ ಎಂಬ ಸುಧಾರಿತ ಬಣ್ಣದ ಕಾರ್ಡನ್ನು ತಂದಿತು. 64 ಬಣ್ಣಗಳಲ್ಲಿ ಆರಿಸಿದ 16 ಬಣ್ಣಗಳು, ಅಡ್ಡಲಾಗಿ 640, ಉದ್ದಕ್ಕೆ 350 ಚುಕ್ಕಿಗಳು. 16 ಬಣ್ಣಗಳನ್ನು ಪೂರ್ಣವಾಗಿ ಪಡೆಯಲು ಮೂಲದ 64 ಕಿಲೋಬೈಟುಗಳು ಸಾಲದೆ ಹೆಚ್ಚಿನ ಸ್ಮೃತಿಯನ್ನು ಜೋಡಿಸಬೇಕಾಗಿದ್ದಿತು. ನಮ್ಮ 24 ಚುಕ್ಕಿಗಳ ಅಳತೆಗೋಲನ್ನು ಇಲ್ಲಿಯೂ ಹಿಡಿದು ನೋಡೋಣ. ಇಜಿಎ ತೆರೆಯಲ್ಲಿ ಕನ್ನಡದ 14 ಸಾಲುಗಳು. ಹರ್ಕ್ಯುಲಿಸ್ ತೆರೆಯಲ್ಲಿಯೂ 14. ಅಕ್ಷರವೊಂದಕ್ಕೆ ಸರಾಸರಿ 18 ಚುಕ್ಕಿಗಳ ಅಗಲವೆಂದರೆ ಇಜಿಎಯಲ್ಲಿ ಸಾಲಿಗೆ 35 ಅಕ್ಷರಗಳು, ಹರ್ಕ್ಯುಲಿಸಿನಲ್ಲಿ 40. ಎಂದರೆ, ಬಣ್ಣವೊಂದನ್ನು ಬದಿಗಿಟ್ಟರೆ, ಅಗ್ಗದ ಏಕವರ್ಣದ ಕಾರ್ಡು ಬೆಲೆಬಾಳುವ ಬಣ್ಣದ ಕಾರ್ಡಿಗಿಂತ ಕನ್ನಡದ ಪುಟವನ್ನು ಹೆಚ್ಚು ವಿಶಾಲವಾಗಿ ತೋರಬಲ್ಲದಾಗಿದ್ದಿತು. ಓದುವ ಕಣ್ಣಿಗೆ ಬೇಕಾದದ್ದು ಮಸಿ ಮತ್ತು ಕಾಗದದ ಭೇದವೊಂದೇ. ಹದಿನಾರು ಬಣ್ಣಗಳಿಂದ ಒತ್ತಕ್ಷರವೇನೂ ಹೆಚ್ಚು ಸ್ಫುಟವಾಗದು.

ಮೊಳೆಯಚ್ಚಿನ ಮಾರ್ಗವೂ ಅಷ್ಟರಲ್ಲಿ ಉದಾರವಾಯಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಇಜಿಎಯಲ್ಲಿ ಅಕ್ಷರರೂಪಗಳನ್ನು ಬಳಕೆದಾರನೇ ಹೊಸದಾಗಿ ತುಂಬಿ, ಏಕಕಾಲಕ್ಕೆ 512 ಆಕೃತಿಗಳನ್ನು ಬಳಸಬಹುದಾಗಿದ್ದಿತು. 1986ರ ಹರ್ಕ್ಯುಲಿಸ್ ಪ್ಲಸ್ ಕಾರ್ಡು ಆ ಸಂಖ್ಯೆಯನ್ನು 3,072ಕ್ಕೆ ಏರಿಸಿತು. ಎರಕದ ಕುಲುಮೆಯೇ ಬಳಕೆದಾರನ ಕೈಗೆ ಬಂದಂತಾಯಿತು. ಆದರೆ ಇಜಿಎಯ 512ರಲ್ಲಿ ನಮ್ಮ 476ನ್ನು ಕಳೆದರೆ ಉಳಿಯುವುದು 36. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳೇ 52 ಇರುವಾಗ ಆ ಎಡೆ ಯಾವುದಕ್ಕೆ ಸಾಕು? ಹರ್ಕ್ಯುಲಿಸ್ ಪ್ಲಸ್ಸಿನಲ್ಲಿ ಎಡೆಯೇನೋ ಧಾರಾಳವಾಗಿದ್ದಿತು. ಆದರೆ ಅಷ್ಟರಲ್ಲಿ ಕಾಲವೇ ಚಿತ್ರರೀತಿಯ ಕಡೆಗೆ ಹೊರಳಿತ್ತು. 1987ರ ಏಪ್ರಿಲಿನಲ್ಲಿ ಪಿಎಸ್ 2 ಯಂತ್ರಗಳೊಡನೆ ಬಂದ ವಿಜಿಎ, ಅಡ್ಡಲಾಗಿ 640, ಉದ್ದಕ್ಕೆ 480 ಚುಕ್ಕಿಗಳನ್ನು 16 ಬಣ್ಣಗಳಲ್ಲಿ ತೋರಿತು. 320ಕ್ಕೆ 200ರ ರೀತಿಯಲ್ಲಿ 2,62,144 ವರ್ಣಗಳಿಂದ ಆಯ್ದ 256 ಬಣ್ಣಗಳನ್ನು ಒಮ್ಮೆಗೇ ಬೆಳಗಿಸಿತು. ನಮ್ಮ ಅಳತೆಯಲ್ಲಿ 20 ಸಾಲುಗಳು. ಚುಕ್ಕಿಯ ಅಗಲವೂ ಎತ್ತರವೂ ಅಲ್ಲಿ ಸಮವಾದುದರಿಂದ ಕನ್ನಡದ ದುಂಡುತನಕ್ಕೆ ಮೊದಲ ಬಾರಿಗೆ ನಿಜವಾದ ದುಂಡು ದೊರೆಯಿತು. ಹಿಂದಿನ ಕಾರ್ಡುಗಳಲ್ಲೆಲ್ಲ ವೃತ್ತವನ್ನು ಎಳೆಯುವವನು ಚುಕ್ಕಿಯ ಅಸಮತೆಯನ್ನು ಲೆಕ್ಕಹಾಕಿ ಸರಿದೂಗಿಸಬೇಕಾಗಿದ್ದಿತು.

ಇಷ್ಟೆಲ್ಲ ಕಾರ್ಡುಗಳ ಬೆನ್ನಿಗೆ, ನಮ್ಮ ನೆಲದಲ್ಲಿಯೇ ಹುಟ್ಟಿದ ಇನ್ನೊಂದು ಕಾರ್ಡಿನ ಕಥೆ ಬರುತ್ತದೆ. ಹೋಲಿಕೆಯ ಪಟ್ಟಿಗಳಲ್ಲಿ ಅದರ ಹೆಸರು ಕಾಣುವುದು ಅಪರೂಪ. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಆರ್. ಎಂ. ಕೆ. ಸಿನ್ಹಾ ಅವರ ಬಳಗವು 1980ರ ದಶಕದ ಮೊದಲ ಭಾಗದಲ್ಲಿ ದೇವನಾಗರಿಯ ಗಣಕವನ್ನು ರಚಿಸಲು ಹೊರಟು, ಬ್ರಾಹ್ಮಿಯಿಂದ ಹುಟ್ಟಿದ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಉಚ್ಚಾರಾಧಾರಿತ ಸಂಕೇತ ಸಾಲುವುದೆಂಬುದನ್ನು ಕಂಡುಕೊಂಡಿತು. ಆ ಬಳಗದ ಮೋಹನ ತಾಂಬೆಯವರ ಕೆಲಸವು 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದು, ಜಿಸ್ಟ್ ಎಂಬ ಕಾರ್ಡಿನ ರೂಪದಲ್ಲಿ ಜನರ ಕೈಸೇರಿತು. ಯಂತ್ರದ ಡಿಸ್‌ಪ್ಲೇ ಕಾರ್ಡಿಗೆ ಒಡನಾಡಿಯಾಗಿ ನಿಲ್ಲುತ್ತಿದ್ದ ಈ ಕಾರ್ಡು, ಇಂಗ್ಲಿಷಿಗೆಂದೇ ಬರೆದ ವರ್ಡ್‌ಸ್ಟಾರ್, ಡಿಬೇಸ್ ಮುಂತಾದ ತಂತ್ರಾಂಶಗಳು ಅಕ್ಷರರೀತಿಯಲ್ಲಿ ಕಳಿಸಿದ ಸಂಖ್ಯೆಗಳನ್ನು ದಾರಿಯಲ್ಲೇ ತಡೆದು, ಅವುಗಳಲ್ಲಿ ಭಾರತೀಯ ಲಿಪಿಗೆ ಸೇರಿದವನ್ನು ಗುರುತಿಸಿ, ಕಕಾರ, ಹಲಂತ, ಷಕಾರ ಎಂದು ಬಿಡಿಬಿಡಿಯಾಗಿ ಬಂದವನ್ನು ಕ್ಷಕಾರವಾಗಿ ಕೂಡಿಸಿ, ಚುಕ್ಕಿಗಳಾಗಿ ತೆರೆಗೆ ಬರೆಯುತ್ತಿದ್ದಿತು. ತಂತ್ರಾಂಶವು ತಾನು ಮೊಳೆ ಜೋಡಿಸುತ್ತಿರುವೆನೆಂದೇ ಬಗೆದಿದ್ದಾಗ ಕಾರ್ಡು ಮರೆಯಲ್ಲಿ ಕಲ್ಲಚ್ಚಿನ ಕೆಲಸವನ್ನು ಮಾಡುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆಬೇರೆಯಾಗಿದ್ದ ಎರಡು ದಾರಿಗಳು ಇಲ್ಲಿ ಕೂಡಿದುವು.

ಆ ಸಂಕೇತವು ಇಸ್ಕಿ ಎಂಬ ಹೆಸರಿನಿಂದ 1991ರಲ್ಲಿ ಭಾರತೀಯ ಮಾನಕವಾಯಿತು. ಸಂಕೇತ ಒಂದೇ ಆದುದರಿಂದ ಕನ್ನಡದಲ್ಲಿ ಬರೆದ ಹೆಸರೊಂದನ್ನು ದೇವನಾಗರಿಯಲ್ಲಿ ನೋಡಬೇಕಾದರೆ ಲಿಪಿಯನ್ನು ಬದಲಿಸುವ ಆಜ್ಞೆಯೊಂದೇ ಸಾಕಾಗುತ್ತಿದ್ದಿತು. ಹೊರಗೆ ಮರಾಠಿ, ಹಿಂದಿ, ಒಳಗೆ ಕನ್ನಡ, ತುಳು ಎಂದು ದಿನವೂ ಹೊಸ್ತಿಲು ದಾಟುವಾಗ ನುಡಿಯನ್ನು ಬದಲಿಸಿಕೊಳ್ಳುವ ಜೋಗೇಶ್ವರಿ, ಅಂಧೇರಿಗಳ ಕನ್ನಡಿಗನ ಬಾಳಿಗೆ ಇದಕ್ಕಿಂತ ಒಪ್ಪುವ ಯಂತ್ರವನ್ನು ಕಲ್ಪಿಸುವುದು ಕಷ್ಟ. ಅವನ ನಾಲಗೆ ಬಹುಕಾಲದಿಂದ ಮಾಡಿಕೊಂಡು ಬಂದಿದ್ದುದನ್ನು ಆ ಕಾರ್ಡು ಮಾಡಿತು.

ಮುಂಬಯಿ ಈ ವಿದ್ಯೆಗೆ ತನ್ನದೇ ಕಾಣಿಕೆಯನ್ನೂ ಕೊಟ್ಟಿದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಜನಿಸಿದ ಕೆ. ಪಿ. ರಾಯರು ಈ ನಗರದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದು, ಸಿಂಧೂಲಿಪಿಯ ಚಿಂತನೆಯಿಂದ ಹಿಡಿದು ಭಾರತೀಯ ಅಕ್ಷರಗಳ ಜೋಡಣೆಯವರೆಗೆ ಲಿಪಿಯನ್ನೇ ತಮ್ಮ ಜೀವಿತದ ವಿಷಯವನ್ನಾಗಿ ಮಾಡಿಕೊಂಡವರು. ಉಚ್ಚಾರವನ್ನನುಸರಿಸಿ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಮುಂದೆ ಕರ್ನಾಟಕ ಸರ್ಕಾರ ಮಾನಕವಾಗಿ ಸ್ವೀಕರಿಸಿತು; ಅವರು ರಚಿಸಿ ಉಚಿತವಾಗಿ ಹಂಚಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜರು 1996ರಲ್ಲಿ ವಿಶ್ವಕನ್ನಡವೆಂಬ ಅಂತರಜಾಲ ಪತ್ರಿಕೆಯನ್ನು ಹೊರಡಿಸಿದರು. ಇನ್ನು ಪೊವಾಯಿಯ ಸಂಸ್ಥೆಯಲ್ಲಿ ಅಕ್ಷರವಿನ್ಯಾಸವನ್ನು ಕಲಿಸಿ, ಅನಂತರ ಜುಹುವಿನ ಕೇಂದ್ರದಲ್ಲಿ ದುಡಿದ ರಘುನಾಥ ಜೋಶಿಯವರು ಮರಾಠಿಯ ಮಹಾಲಿಪಿಕಾರರು. ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ಕನ್ನಡ ಅಕ್ಷರವಿನ್ಯಾಸವೊಂದು 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಲೋಕದ ಗಣಕಗಳನ್ನೆಲ್ಲ ಸೇರಿತು. ಅದರ ಹೆಸರು ತುಂಗಾ. ಸಹ್ಯಾದ್ರಿಯಲ್ಲಿ ಹುಟ್ಟಿ ಶೃಂಗೇರಿಯನ್ನು ತೊಳೆದು ಹರಿಯುವ ನದಿಯ ಹೆಸರನ್ನು ಹೊತ್ತ ಆ ಅಕ್ಷರಗಳು ಪೊವಾಯಿ, ಜುಹುಗಳ ಪರಂಪರೆಯಿಂದ ಬಂದುವೆಂಬುದನ್ನು ನೆನೆದರೆ, ಕನ್ನಡದ ಅಕ್ಷರಕ್ಕೆ ಕನ್ನಡಿಗರಲ್ಲದವರು ಸಲ್ಲಿಸಿದ ಸೇವೆಯ ಪರಂಪರೆ ಶ್ರೀರಾಮಪುರದಿಂದ ಇಲ್ಲಿಯವರೆಗೂ ಕಡಿಯದೆ ಬಂದಿದೆಯೆಂದು ತೋರುವುದು.

ಈ ಹೊತ್ತಿಗೆ ಆ ಕಾರ್ಡುಗಳಾವುವೂ ಬಳಕೆಯಲ್ಲಿಲ್ಲ. ಇಂದಿನ ತೆರೆಯಲ್ಲಿ ಅಕ್ಷರರೀತಿಯೆಂಬುದೇ ಇಲ್ಲ. ಎಲ್ಲವೂ ಚುಕ್ಕಿ, ಎಲ್ಲವೂ ಚಿತ್ರ. ಇಂಗ್ಲಿಷಿನ ಅಕ್ಷರವೂ ನಮ್ಮ ಅಕ್ಷರದಂತೆಯೇ ಬರೆಯಿಸಿಕೊಂಡು ಬರಬೇಕು, ಒಂದಕ್ಕೆ ಹುಟ್ಟಿನ ಹಕ್ಕು ಇನ್ನೊಂದಕ್ಕೆ ಬೇಡಿಪಡೆದ ಎಡೆ ಎಂಬ ಭೇದವಿಲ್ಲ. ಆ ಸಮತೆ ಬಣ್ಣಗಳ ಹೆಚ್ಚಳದಿಂದ ಬಂದುದಲ್ಲ. ಚುಕ್ಕಿಯ ಮೇಲಣ ಅಧಿಕಾರ ಬರೆಯುವವನ ಕೈಗೆ ಬಂದುದರಿಂದ ಬಂದದ್ದು. ಆದ್ದರಿಂದ ಆದಿಕಾಲದ ಕಾರ್ಡುಗಳಲ್ಲಿ ಯಾವುದು ಹಿರಿದೆಂದು ಕನ್ನಡಿಗನನ್ನು ಕೇಳಿದರೆ, ಅವನು ನಾಲ್ಕು ಬಣ್ಣಗಳ ಸಿಜಿಎಯನ್ನಾಗಲಿ ಹದಿನಾರು ಬಣ್ಣಗಳ ಇಜಿಎಯನ್ನಾಗಲಿ ಮುಂದಿಡದೆ, ಒಂದೇ ಬಣ್ಣದ ಹರ್ಕ್ಯುಲಿಸನ್ನೂ ಅದರ ಜೊತೆಗೆ ನಮ್ಮ ಜಿಸ್ಟನ್ನೂ ಹೆಸರಿಸಿದರೆ ಅದು ಅಭಿಮಾನದ ಮಾತಲ್ಲ, ಅಳೆದು ಆಡಿದ ಮಾತು.

ಕನ್ನಡ ಮುದ್ರಣದ ಚರಿತ್ರೆಯನ್ನು ಬರೆಯುವವರು ಕೇರಿಯನ್ನು ಸ್ಮರಿಸುತ್ತಾರೆ, ಬಾಸೆಲ್ ಮಿಶನ್ನಿನವರನ್ನು ಸ್ಮರಿಸುತ್ತಾರೆ, ಸ್ಮರಿಸಬೇಕಾದದ್ದೇ. ಆ ಸಾಲಿನಲ್ಲಿ ಇನ್ನು ಮುಂದೆ ಥಾಯ್ಲೆಂಡಿನ ಆ ವಿದ್ಯಾರ್ಥಿಯ ಹೆಸರೂ ಇರತಕ್ಕದ್ದು. ಕನ್ನಡಕ್ಕಾಗಿ ಅವನು ಏನನ್ನೂ ಮಾಡಹೊರಟವನಲ್ಲ. ತನ್ನ ನುಡಿಯ ಅಕ್ಷರವನ್ನು ಅದರ ಮೇಲುಕೆಳಗಿನ ಚಿಹ್ನೆಗಳೊಡನೆ, ಒಂದನ್ನೂ ಬಿಟ್ಟುಕೊಡದೆ, ಹಾಗೆಯೇ ಬರೆಯಬೇಕೆಂದು ಹಟ ಹಿಡಿದನು. ಆ ಹಟಕ್ಕೆ ತೆರೆ ಮಣಿಯಿತು.